ಆತ್ಮಗೌರವದ ಅಡಿಪಾಯ

ಮನುಷ್ಯನಿಗೆ ಅನ್ನ, ಅರಿವೆ, ಆಶ್ರಯಗಳು ಎಷ್ಟು ಅವಶ್ಯವೋ ಮರ್ಯಾದೆಯೂ ಅಷ್ಟೇ ಅವಶ್ಯ. ಹಸಿದವನು ಒಂದು ಹೊತ್ತು ತಡೆದಾನು. ನಾಲ್ಕು ಜನರ ಎದುರಿನಲ್ಲಿ ಮಾನಹೀನನಾದವನು ಆ ರಾತ್ರಿ ಕಣ್ಣು ಮುಚ್ಚಲಾರನು. ಪರರು ಕೊಡುವ ಮರ್ಯಾದೆಯ ಜೊತೆಗೆ ಇನ್ನೊಂದು ಮರ್ಯಾದೆಯಿದೆ; ಅದು ಮನುಷ್ಯನು ತನಗೆ ತಾನೇ ಸಲ್ಲಿಸಿಕೊಳ್ಳುವಂಥದು. ‘ನನ್ನ ಬಾಳಿಗೂ ಒಂದು ಬೆಲೆಯಿದೆ, ನಾನು ಈ ಭೂಮಿಗೆ ಭಾರವಾಗಿ ಬಂದವನಲ್ಲ’ ಎಂಬ ಒಳಗಿನ ಭಾವವೇ ಅದು. ಅದನ್ನೇ ನಾವು ಆತ್ಮಗೌರವವೆಂದು ಕರೆಯುತ್ತೇವೆ. ಅದು ಇಲ್ಲದ ಬಾಳು ಬಾಳಲ್ಲವೆಂಬುದು ನಿರ್ವಿವಾದ. ಆದುದರಿಂದಲೇ ಮಕ್ಕಳಲ್ಲಿ ಆತ್ಮಗೌರವವನ್ನು ಬೆಳೆಸಬೇಕೆಂದು ಶಿಕ್ಷಣತಜ್ಞರೂ, ಪಾಲಕರೂ, ಭಾಷಣಕಾರರೂ ಒಂದೇ ಕಂಠದಿಂದ ಹೇಳುತ್ತಾರೆ. ಆದರೆ ವಾಚಕ ಬಂಧುಗಳೇ, ಆತ್ಮಗೌರವವು ಎಷ್ಟಿದೆಯೆಂದು ವಿಚಾರಿಸುವ ನಾವು, ಅದು ಯಾವುದರ ಮೇಲೆ ನಿಂತಿದೆಯೆಂದು ವಿಚಾರಿಸುವುದು ವಿರಳ. ಮನೆ ಎಷ್ಟು ಅಂತಸ್ತಿನದೆಂದು ದಾರಿಹೋಕರೆಲ್ಲರೂ ನೋಡುತ್ತಾರೆ. ಅಡಿಪಾಯವನ್ನು ಮಾತ್ರ ಮಳೆಗಾಲವೇ ನೋಡಬೇಕಾಗುತ್ತದೆ. ಆ ಅಡಿಪಾಯದ ವಿಚಾರವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ಇದನ್ನು ಬರೆಯುವ ಅಧಿಕಾರ ನನಗೆ ಬಂದುದು ಪಾಂಡಿತ್ಯದಿಂದಲ್ಲ, ನಾನು ಮಾಡಿದ ಒಂದು ತಪ್ಪಿನಿಂದ. ನಾನು ಪ್ರೌಢಶಾಲೆಯ ಉಪಾಧ್ಯಾಯನಾಗಿದ್ದಾಗ, ಒಂದು ಮಠದ ಉಚಿತ ಪ್ರಸಾದ ನಿಲಯದಲ್ಲಿ ಸಾಯಂಕಾಲ ಹುಡುಗರ ಅಭ್ಯಾಸವನ್ನು ನೋಡಿಕೊಳ್ಳುತ್ತಿದ್ದೆ. ಅಲ್ಲಿ ಬೆಳವಲದ ಒಂದು ಚಿಕ್ಕ ಹಳ್ಳಿಯಿಂದ ಬಂದ ಹುಡುಗನೊಬ್ಬನಿದ್ದನು. ತಂದೆ ಒಣಬೇಸಾಯದ ರೈತ. ಹುಡುಗನಾದರೋ ಪ್ರತಿ ಪರೀಕ್ಷೆಯಲ್ಲಿಯೂ ಮೊದಲಿಗ. ನಿಲಯಕ್ಕೆ ಯಾರು ಅತಿಥಿಗಳು ಬಂದರೂ ನಾನು ಅವನನ್ನು ಕರೆದು ಮುಂದೆ ನಿಲ್ಲಿಸಿ, ‘ಇವನು ನಮ್ಮ ನಿಲಯದ ರತ್ನ’ ಎನ್ನುತ್ತಿದ್ದೆ. ಅತಿಥಿಗಳು ಬೆನ್ನು ತಟ್ಟುತ್ತಿದ್ದರು. ಅವನ ಮುಖ ಅರಳುತ್ತಿತ್ತು, ನನ್ನದೂ ಅರಳುತ್ತಿತ್ತು. 1984ರ ಬೇಸಗೆಯಲ್ಲಿ ಪಿ.ಯು.ಸಿ. ಫಲಿತಾಂಶ ಪ್ರಕಟವಾಯಿತು. ಹುಡುಗನು ಗಣಿತದಲ್ಲಿ ಅನುತ್ತೀರ್ಣನಾಗಿದ್ದನು. ಅವನು ತನ್ನ ಟ್ರಂಕನ್ನು ಒಯ್ಯಲು ಕೂಡ ನಿಲಯಕ್ಕೆ ಬರಲಿಲ್ಲ. ಅವನೂರಿನ ಇನ್ನೊಬ್ಬ ಹುಡುಗ ಬಂದು ಅದನ್ನು ಹೊತ್ತುಕೊಂಡು ಹೋದನು. ಮುಂದೆ ಇಪ್ಪತ್ತಾರು ವರ್ಷ ಅವನು ಆ ಮಠದ ಹೊಸ್ತಿಲನ್ನು ತುಳಿಯಲಿಲ್ಲ. ಅವನು ಹಾಗೇಕೆ ಮಾಡಿದನೆಂಬುದು ನನಗೆ ಬಹುಕಾಲ ತಿಳಿಯಲಿಲ್ಲ. ತಿಳಿದ ಮೇಲೆ, ಆ ಮನೆಗೆ ಕೆಟ್ಟ ಅಡಿಪಾಯವನ್ನು ಹಾಕಿದವರಲ್ಲಿ ನಾನೂ ಒಬ್ಬನೆಂದು ಮನಗಂಡೆ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ವಿಷಯದ ಸ್ವರೂಪವನ್ನು ನೋಡೋಣ. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತನ್ನ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ ಆತ್ಮಗೌರವಕ್ಕೆ ಒಂದು ಸರಳವಾದ ಲೆಕ್ಕವನ್ನು ಕೊಟ್ಟನು. ನಾವು ಪಡೆದ ಯಶಸ್ಸನ್ನು ನಮ್ಮ ಆಕಾಂಕ್ಷೆಯಿಂದ ಭಾಗಿಸಿದರೆ ಬರುವುದೇ ನಮ್ಮ ಆತ್ಮಗೌರವ ಎಂದು ಅದರ ತಾತ್ಪರ್ಯ. ಮನಶ್ಶಾಸ್ತ್ರಜ್ಞನೆನಿಸಿಕೊಳ್ಳುವುದರಲ್ಲಿಯೇ ತನ್ನ ಸರ್ವಸ್ವವನ್ನೂ ಪಣಕ್ಕಿಟ್ಟ ತನಗೆ, ಆ ಶಾಸ್ತ್ರದಲ್ಲಿ ಇನ್ನೊಬ್ಬನು ಹೆಚ್ಚು ಬಲ್ಲನೆಂದರೆ ಸಂಕಟವಾಗುತ್ತದೆ, ಗ್ರೀಕ್ ಭಾಷೆ ಬಾರದೆಂಬ ಬಗ್ಗೆ ಏನೂ ಅನ್ನಿಸುವುದಿಲ್ಲ ಎಂದು ಆತನು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾನೆ. ಎಲ್ಲಿ ಪಣವಿಟ್ಟಿದ್ದೇವೋ ಅಲ್ಲಿಯೇ ಪೆಟ್ಟು ಬೀಳುತ್ತದೆ. ಮುಂದೆ 1965ರಲ್ಲಿ ಮಾರಿಸ್ ರೋಸೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞನು ನ್ಯೂಯಾರ್ಕ್ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಅಭ್ಯಸಿಸಿ, ಹತ್ತು ವಾಕ್ಯಗಳ ಒಂದು ಮಾಪನವನ್ನು ಸಿದ್ಧಪಡಿಸಿದನು. ಆ ಮಾಪನವು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅಂದಿನಿಂದ ಆತ್ಮಗೌರವವನ್ನು ಜ್ವರದಂತೆ ಅಳೆಯುವ ರೂಢಿ ಬಂದಿತು. ಹೆಚ್ಚಿದ್ದರೆ ಒಳ್ಳೆಯದು, ಕಡಿಮೆಯಿದ್ದರೆ ಕೆಟ್ಟದು ಎಂಬ ನಂಬಿಕೆಯೂ ಅದರ ಬೆನ್ನಿಗೇ ಬಂದಿತು.

ಈ ನಂಬಿಕೆಗೆ ಒಂದು ತಿದ್ದುಪಡಿಯನ್ನು ತಂದವನು ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕೆಲ್ ಕರ್ನಿಸ್. ಒಮ್ಮೆ ಅಳೆದು ಸುಮ್ಮನಾಗುವುದರ ಬದಲು, ಆತನೂ ಆತನ ಸಂಗಡಿಗರೂ ಜನರನ್ನು ಹಲವು ದಿನಗಳವರೆಗೆ ದಿನಕ್ಕೆರಡು ಸಲ, ‘ಈ ಕ್ಷಣದಲ್ಲಿ ನಿಮ್ಮ ಬಗ್ಗೆ ನಿಮಗೇನೆನಿಸುತ್ತಿದೆ?’ ಎಂದು ಕೇಳಿದರು. ಕೆಲವರ ಉತ್ತರಗಳು ಮುಂಜಾನೆಯೂ ಸಂಜೆಯೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಇನ್ನು ಕೆಲವರವು ತೊಟ್ಟಿಲಿನಂತೆ ತೂಗುತ್ತಿದ್ದವು. 1989ರಲ್ಲಿ ಪ್ರಕಟವಾದ ಅವರ ಅಧ್ಯಯನದ ಫಲವು ವಿಚಾರಮಾಡತಕ್ಕದ್ದು. ಯಾರ ಆತ್ಮಗೌರವವು ಮೇಲ್ಮಟ್ಟದ್ದೂ ಸ್ಥಿರವಾದದ್ದೂ ಆಗಿತ್ತೋ ಅವರಲ್ಲಿ ಸಿಟ್ಟು, ದ್ವೇಷಗಳ ಪ್ರವೃತ್ತಿ ಎಲ್ಲರಿಗಿಂತ ಕಡಿಮೆಯಿತ್ತು. ಯಾರದು ಮೇಲ್ಮಟ್ಟದ್ದಾಗಿಯೂ ಅಸ್ಥಿರವಾಗಿತ್ತೋ ಅವರಲ್ಲಿ ಅದು ಎಲ್ಲರಿಗಿಂತ ಹೆಚ್ಚಿತ್ತು. ತಮ್ಮನ್ನು ತಾವು ಕೀಳೆಂದು ಭಾವಿಸಿದವರು ಇವರಿಬ್ಬರ ನಡುವೆ ಇದ್ದರು. ಎತ್ತರದ ಆತ್ಮಗೌರವವೆಂದು ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದುದರೊಳಗೆ ಪರಸ್ಪರ ವಿರುದ್ಧವಾದ ಎರಡು ಸ್ವಭಾವಗಳು ಅಡಗಿದ್ದವೆಂದಾಯಿತು. ಅದೇ ತಂಡದವರು 1999ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಅಸ್ಥಿರರಾದವರನ್ನು ದಿನನಿತ್ಯದ ಸಣ್ಣಪುಟ್ಟ ಸಂಗತಿಗಳು ಕೂಡ ಹೆಚ್ಚಾಗಿ ಅಲುಗಾಡಿಸುತ್ತವೆಂಬುದು ಕಂಡುಬಂದಿತು. ಒಳ್ಳೆಯ ಸುದ್ದಿ ಅವರನ್ನು ಹೆಚ್ಚು ಏರಿಸುತ್ತದೆ, ಕೆಟ್ಟ ಸುದ್ದಿ ಹೆಚ್ಚು ಇಳಿಸುತ್ತದೆ.

ಇದಕ್ಕೆ ದೂರದ ದೇಶದ ಸಾಕ್ಷಿಯೇ ಬೇಕಾಗಿಲ್ಲ. ನಮ್ಮ ಜಾತ್ರೆಯ ಆಮಂತ್ರಣ ಪತ್ರಿಕೆಯನ್ನು ಒಮ್ಮೆ ನೆನಪಿಸಿಕೊಳ್ಳಿರಿ. ಹೆಸರು ಮೂರನೆಯ ಸಾಲಿನಿಂದ ಐದನೆಯ ಸಾಲಿಗೆ ಇಳಿಯಿತೆಂದು ಮೂವತ್ತು ವರ್ಷಗಳ ಸಂಬಂಧವನ್ನು ಕಡಿದುಕೊಂಡವರನ್ನು ತಾವು ಬಲ್ಲಿರಿ. ವೇದಿಕೆಯ ಮೇಲೆ ಕುರ್ಚಿ ಸಿಗಲಿಲ್ಲವೆಂದು ಪ್ರಸಾದ ಸ್ವೀಕರಿಸದೆ ಹೋದವರೂ ಇದ್ದಾರೆ. ಇವರು ತಮ್ಮನ್ನು ತಾವು ಕೀಳೆಂದು ತಿಳಿದವರಲ್ಲ. ಬಹಳ ದೊಡ್ಡವರೆಂದು ತಿಳಿದವರೇ. ಆದರೆ ಆ ದೊಡ್ಡತನವು ನಿತ್ಯವೂ ನವೀಕರಿಸಬೇಕಾದ ಪರವಾನಿಗೆಯಂತೆ. ಇಂದು ಹಾರ ಬಿದ್ದರೆ ಇಂದಿಗೆ ಸಾಕು. ನಾಳೆ ಮತ್ತೆ ಬೀಳಬೇಕು. ಹಾಗೆಯೇ ದೊಡ್ಡ ಹುದ್ದೆಯಿಂದ ನಿವೃತ್ತರಾದ ಮರುತಿಂಗಳೇ ರೋಗಿಗಳಂತಾದವರನ್ನು ನೋಡಿದ್ದೇವೆ. ದೇಹಕ್ಕೆ ಏನೂ ಆಗಿರುವುದಿಲ್ಲ. ಕುರ್ಚಿಯ ಜೊತೆಗೆ ‘ನಾನು’ ಎಂಬುದನ್ನೂ ಅವರು ಕಚೇರಿಯಲ್ಲಿಯೇ ಬಿಟ್ಟುಬಂದಿರುತ್ತಾರೆ. ಇಂದಿನ ತರುಣರ ಪಾಡು ಇನ್ನೂ ಕಠಿಣ. ನಮಗೆ ವರ್ಷಕ್ಕೊಂದು ಜಾತ್ರೆಯಾದರೆ, ಅವರಿಗೆ ಅಂಗೈಯಲ್ಲಿನ ಮೊಬೈಲಿನಲ್ಲಿ ದಿನವೂ ಜಾತ್ರೆ. ತಮ್ಮ ಭಾವಚಿತ್ರವನ್ನು ಎಷ್ಟು ಜನ ಮೆಚ್ಚಿದರೆಂದು ಗಳಿಗೆಗೊಮ್ಮೆ ಎಣಿಸುವ ಮನಸ್ಸಿಗೆ ವಿಶ್ರಾಂತಿಯೆಂಬುದು ಎಲ್ಲಿಂದ ಬರಬೇಕು?

ಅಸ್ಥಿರತೆಗೆ ಕಾರಣವೇನು? ಮಿಚಿಗನ್ ವಿಶ್ವವಿದ್ಯಾಲಯದಲ್ಲಿದ್ದ ಜೆನಿಫರ್ ಕ್ರಾಕರ್ ಎಂಬ ವಿದುಷಿಯು ಇದಕ್ಕೆ ಉತ್ತರವನ್ನು ಅರಸಿದರು. ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕಿ ಉತ್ತರದ ನಿರೀಕ್ಷೆಯಲ್ಲಿದ್ದ ವಿದ್ಯಾರ್ಥಿಗಳನ್ನು ಅವರೂ ಸಂಗಡಿಗರೂ ವಾರವಾರವೂ ವಿಚಾರಿಸುತ್ತ ಹೋದರು. 2002ರಲ್ಲಿ ಫಲವನ್ನು ಪ್ರಕಟಿಸಿದರು. ‘ವಿದ್ಯೆಯಲ್ಲಿ ಗೆದ್ದರೆ ಮಾತ್ರ ನನಗೆ ಬೆಲೆ’ ಎಂದು ನಂಬಿದವರ ಆತ್ಮಗೌರವವು ಪ್ರವೇಶದ ಪತ್ರ ಬಂದ ದಿನ ಹೆಚ್ಚು ಏರಿತು, ನಿರಾಕರಣೆಯ ಪತ್ರ ಬಂದ ದಿನ ಹೆಚ್ಚು ಕುಸಿಯಿತು. ಆ ಷರತ್ತನ್ನು ಹಾಕಿಕೊಳ್ಳದವರಲ್ಲಿ ಏರಿಳಿತವು ಅಷ್ಟಾಗಿ ಇರಲಿಲ್ಲ. ಸಂತೋಷ, ದುಃಖಗಳು ಇಬ್ಬರಿಗೂ ಆಗುವುವು. ಆದರೆ ಒಬ್ಬನು ‘ಪ್ರವೇಶ ಸಿಗಲಿಲ್ಲ’ ಎಂದು ದುಃಖಿಸುತ್ತಾನೆ. ಇನ್ನೊಬ್ಬನು ‘ನಾನೇ ಪ್ರಯೋಜನವಿಲ್ಲದವನು’ ಎಂದು ದುಃಖಿಸುತ್ತಾನೆ. ಮೊದಲನೆಯದು ನಷ್ಟ, ಎರಡನೆಯದು ನಾಶ. ಷರತ್ತಿನ ಮೇಲೆ ನಿಂತ ಗೌರವವು ಷರತ್ತು ಮುರಿದ ದಿನ ಬಿದ್ದೇ ಬೀಳುತ್ತದೆ. ಬಿದ್ದೀತೆಂಬ ಭಯವಂತೂ ಬೀಳುವ ಮೊದಲೇ ಮನುಷ್ಯನನ್ನು ತಿನ್ನುತ್ತದೆ. ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿ ಮಾಡಿದೆ. ಅಷ್ಟೂ ಸಾವುಗಳಿಗೆ ಒಂದೇ ಕಾರಣವನ್ನು ಹಚ್ಚುವುದು ಅನ್ಯಾಯವಾದೀತು. ಆದರೂ ಅವುಗಳಲ್ಲಿ ಕೆಲವಾದರೂ ಅಂಕಪಟ್ಟಿಯನ್ನು ಬಾಳಿನ ಬೆಲೆಪಟ್ಟಿಯೆಂದು ತಿಳಿದ ಮಕ್ಕಳವು ಎಂಬುದನ್ನು ನಾವು ಮರೆಯಲಾಗದು.

ಇಲ್ಲಿ ಉಪಾಧ್ಯಾಯರೂ ಪಾಲಕರೂ ತಮ್ಮ ಹೊಣೆಯನ್ನು ನೋಡಿಕೊಳ್ಳಬೇಕು. ಈ ಷರತ್ತನ್ನು ಮಗುವು ತಾನಾಗಿ ಬರೆದುಕೊಳ್ಳುವುದಿಲ್ಲ, ನಾವು ಬರೆದುಕೊಡುತ್ತೇವೆ. ಬಹುಸಲ ಪ್ರೀತಿಯಿಂದಲೇ ಬರೆದುಕೊಡುತ್ತೇವೆ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಎಂಬ ಇಬ್ಬರು ವಿದುಷಿಯರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ನನ್ನಂಥವರ ಕಣ್ಣು ತೆರೆಸುವಂಥವು. ಐದನೆಯ ಇಯತ್ತೆಯ ಮಕ್ಕಳಿಗೆ ಮೊದಲು ಸುಲಭವಾದ ಒಗಟುಗಳನ್ನು ಕೊಟ್ಟು, ಗೆದ್ದಾಗ ಕೆಲವರಿಗೆ ‘ನೀನು ಬಹಳ ಬುದ್ಧಿವಂತ’ ಎಂದರು; ಕೆಲವರಿಗೆ ‘ನೀನು ಬಹಳ ಶ್ರಮಪಟ್ಟೆ’ ಎಂದರು. ಅನಂತರ ಎಲ್ಲರಿಗೂ ಬಿಡಿಸಲಾಗದಷ್ಟು ಕಠಿಣವಾದವುಗಳನ್ನು ಕೊಟ್ಟರು. ಬುದ್ಧಿಯ ಹೊಗಳಿಕೆ ಪಡೆದವರು ಸೋಲು ಬಂದೊಡನೆ ಉತ್ಸಾಹಗುಂದಿದರು. ಮುಂದೆ ಮತ್ತೆ ಸುಲಭವಾದವನ್ನು ಕೊಟ್ಟರೂ ಮೊದಲಿನಷ್ಟು ಸಾಧಿಸಲಾರದೆ ಹೋದರು. ಶ್ರಮದ ಹೊಗಳಿಕೆ ಪಡೆದವರು ಸೋತರೂ ಕೈಬಿಡಲಿಲ್ಲ. ಇದಕ್ಕಿಂತಲೂ ಮನಸ್ಸಿಗೆ ನಾಟುವ ಸಂಗತಿಯೊಂದಿದೆ. ತಾವು ಗಳಿಸಿದ ಅಂಕವನ್ನು ಬೇರೆ ಶಾಲೆಯ ಮಗುವೊಂದಕ್ಕೆ ಬರೆದು ತಿಳಿಸಲು ಹೇಳಿದಾಗ, ಬುದ್ಧಿವಂತರೆನಿಸಿಕೊಂಡವರಲ್ಲಿ ಐವರಿಗೆ ಇಬ್ಬರಂತೆ ಸುಳ್ಳು ಬರೆದರು. ಎಂದೂ ಮುಖ ನೋಡದ ಮಗುವಿನ ಮುಂದೆಯೂ ಅವರಿಗೆ ತಮ್ಮ ಬಿರುದನ್ನು ಕಾಪಾಡಿಕೊಳ್ಳಬೇಕಾಗಿತ್ತು. ‘ನಮ್ಮ ನಿಲಯದ ರತ್ನ’ ಎಂಬ ಮಾತು ನನಗೆ ನೆನಪಾದುದು ಇಲ್ಲಿಯೇ. ರತ್ನಕ್ಕೆ ಬಿರುಕು ಬಿಡುವ ಸ್ವಾತಂತ್ರ್ಯವಿಲ್ಲ; ವಿದ್ಯಾರ್ಥಿಗೆ ಅದು ಬೇಕು.

ತಮ್ಮಲ್ಲಿ ಕೆಲವರಿಗೆ ಒಂದು ಸಂದೇಹ ಬರಬಹುದು. ಸೋಲಿಗೂ ಗೆಲುವಿಗೂ ಅಲುಗದ ಆತ್ಮಗೌರವವನ್ನು ಮೊದಲೇ ಕೊಟ್ಟುಬಿಟ್ಟರೆ, ಮನುಷ್ಯನು ಶ್ರಮಪಡುವುದನ್ನೇ ಬಿಟ್ಟು ಸೋಮಾರಿಯಾಗುವುದಿಲ್ಲವೇ? ಈ ಸಂದೇಹವು ನಿರಾಧಾರವಾದುದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಆತ್ಮಗೌರವವನ್ನು ಬೆಳೆಸುವುದಕ್ಕೆಂದೇ 1986ರಲ್ಲಿ ಒಂದು ಸರಕಾರಿ ಕಾರ್ಯಪಡೆಯನ್ನು ನೇಮಿಸಿತು. ಆತ್ಮಗೌರವ ಹೆಚ್ಚಿದರೆ ಅಪರಾಧ, ಮಾದಕವ್ಯಸನ, ಶಾಲೆಯಲ್ಲಿನ ಸೋಲುಗಳೆಲ್ಲ ತಗ್ಗುವುವೆಂಬ ಆಸೆ ಅದಕ್ಕಿತ್ತು. 1990ರಲ್ಲಿ ಅದರ ವರದಿ ಹೊರಬಂದಿತು. ಆದರೆ ರಾಯ್ ಬಾಮೈಸ್ಟರ್ ಮೊದಲಾದ ವಿದ್ವಾಂಸರು 2003ರಲ್ಲಿ ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿ ನೋಡಿ, ಆತ್ಮಗೌರವವನ್ನು ಉಬ್ಬಿಸಿದ ಮಾತ್ರಕ್ಕೆ ಮಕ್ಕಳ ವ್ಯಾಸಂಗವು ಸುಧಾರಿಸುವುದೆಂಬುದಕ್ಕೆ ಆಧಾರ ಸಾಲದೆಂದು ತೀರ್ಮಾನಿಸಿದರು. ಹೊಗಳಿ ಹೊಗಳಿ ಎತ್ತರಿಸಿದ ಗೌರವವು ಗಾಳಿ ತುಂಬಿದ ಪುಗ್ಗೆ. ಅದರೊಳಗೆ ಸತ್ತ್ವವಿಲ್ಲ, ಅದಕ್ಕೆ ಸೂಜಿಯ ಭಯ ಬೇರೆ. ಆದುದರಿಂದ ಸ್ಥಿರತೆಯನ್ನು ಬೇಡುವವನು ಸುಳ್ಳು ಹೊಗಳಿಕೆಯನ್ನು ಬೇಡುತ್ತಿಲ್ಲ. ‘ನಿನ್ನ ಲೆಕ್ಕ ತಪ್ಪಾಗಿದೆ’ ಎಂದು ನೇರವಾಗಿ ಹೇಳಬೇಕು. ಅದನ್ನು ಕೇಳಿದ ಮಗುವಿಗೆ ತನ್ನ ಬಾಳೇ ತಪ್ಪಾಯಿತೆಂದು ತೋರದಂತೆ ಹೇಳಬೇಕು. ಶ್ರಮಕ್ಕೆ ಮೂಲವು ಭಯವೊಂದೇ ಅಲ್ಲ. ಬೀಳುವ ಭಯವಿಲ್ಲದವನೇ ಕಠಿಣವಾದ ಮೆಟ್ಟಿಲಿಗೆ ಕಾಲಿಡುತ್ತಾನೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಸ್ಥಿರತೆಯೇ ಗುಣವಾದರೆ ಕೀಳರಿಮೆಯೂ ಸ್ಥಿರವಾಗಿರಬಲ್ಲದಲ್ಲವೇ? ತಲೆಮಾರುಗಳಿಂದ ತುಳಿಸಿಕೊಂಡವನು ತಾನು ಕೀಳೆಂದು ಸ್ಥಿರವಾಗಿ ನಂಬಿ, ಏರಿಳಿತವಿಲ್ಲದೆ ಬದುಕಿಯಾನು. ಅಂಥ ನಿಶ್ಚಲತೆಯನ್ನು ಸ್ವಾಸ್ಥ್ಯವೆಂದು ಕರೆಯುವುದು ಪಾಪ. ಅಲ್ಲಿ ಬೇಕಾದುದು ಸಮಾಧಾನದ ಉಪದೇಶವಲ್ಲ, ಅಡಿಪಾಯವನ್ನೇ ಕಿತ್ತು ಹೊಸದಾಗಿ ಹಾಕುವ ಕಾರ್ಯ. ಹನ್ನೆರಡನೆಯ ಶತಮಾನದ ಶರಣರು ಮಾಡಿದುದು ಇದನ್ನೇ ಎಂದು ನನಗೆ ತೋರುತ್ತದೆ. ಲೋಕವು ಯಾವ ಕೆಲಸವನ್ನು ಹಿಡಿದು ಅವರನ್ನು ಹೀಯಾಳಿಸುತ್ತಿತ್ತೋ ಆ ಕೆಲಸವೇ ಅವರ ಹೆಸರಿನ ಮುಂದೆ ನಿಂತಿತು: ಮಡಿವಾಳ ಮಾಚಿದೇವ, ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಅವರು ಮೇಲಿನವರ ಮೆಚ್ಚುಗೆಯನ್ನು ಗಳಿಸಿ ದೊಡ್ಡವರಾದವರಲ್ಲ. ಬೆಲೆ ಕಟ್ಟುವ ತಕ್ಕಡಿಯನ್ನೇ ಬದಲಾಯಿಸಿದವರು. ಯಾವ ಕೆಲಸ ಎಂಬುದರ ಸ್ಥಾನದಲ್ಲಿ ಎಂಥ ಮನಸ್ಸಿನಿಂದ ಎಂಬುದನ್ನು ಇಟ್ಟರು. ಕಾಯಕದಲ್ಲಿ ನೆಲೆನಿಂತ ಗೌರವವನ್ನು ಕೊಟ್ಟವನು ರಾಜನಲ್ಲವಾದುದರಿಂದ ರಾಜನು ಅದನ್ನು ಕಸಿದುಕೊಳ್ಳಲಾರನು. ಅದು ಎತ್ತರವೂ ಹೌದು, ಸ್ಥಿರವೂ ಹೌದು.

ಈ ಸ್ಥಿರತೆಯ ಒರೆಗಲ್ಲು ಯಾವುದು? ತಪ್ಪನ್ನು ತೋರಿಸಿದಾಗ ಮನುಷ್ಯನು ಏನು ಮಾಡುತ್ತಾನೆಂಬುದೇ. ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ತಾವೆಲ್ಲರೂ ಬಲ್ಲಿರಿ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಹೆಂಡತಿ ಲಕ್ಕಮ್ಮ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಬೇಕೆಂದಳು. ಮಾರಯ್ಯ ಹಾಗೆಯೇ ಮಾಡಿದನು. ನಾವು ಈ ಕಥೆಯಲ್ಲಿ ಲಕ್ಕಮ್ಮನ ದಿಟ್ಟತನವನ್ನು ಕೊಂಡಾಡುತ್ತೇವೆ, ಅದು ಯೋಗ್ಯವೇ. ಮಾರಯ್ಯನ ಕಡೆಗೂ ಒಮ್ಮೆ ನೋಡೋಣ. ಹೆಂಡತಿಯ ಬಾಯಿಂದ ತಿದ್ದುಪಡಿ ಕೇಳಿದ ಗಂಡಸು ಆತ. ‘ನನಗೆ ಹೇಳಲು ನೀನಾರು?’ ಎನ್ನಲಿಲ್ಲ, ನಾಚಿ ನೆಲಕ್ಕೂ ಇಳಿಯಲಿಲ್ಲ. ಅಕ್ಕಿಯನ್ನು ಹೊತ್ತು ಹಿಂದಿರುಗಿದನು. ತಪ್ಪು ಅಕ್ಕಿಯಷ್ಟೇ ಭಾರವಾಗಿತ್ತು, ಬಾಳಿನಷ್ಟು ಭಾರವಾಗಿರಲಿಲ್ಲ. ಅಹಂಕಾರಕ್ಕೂ ಆತ್ಮಗೌರವಕ್ಕೂ ಇರುವ ಅಂತರವನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ. ಅಹಂಕಾರಕ್ಕೆ ಸದಾ ಕಾವಲು ಬೇಕು. ಆತ್ಮಗೌರವವು ಬಾಗಿಲು ತೆರೆದಿಟ್ಟು ಮಲಗುತ್ತದೆ.

ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆಯೊಂದನ್ನೂ ಹೇಳಬೇಕು. ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರರು ಹತ್ತೊಂಬತ್ತರ ಪ್ರಾಯದಲ್ಲಿ, 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿಯೇ ನಕ್ಷತ್ರಗಳ ಅಂತ್ಯವನ್ನು ಕುರಿತು ಒಂದು ಹೊಸ ಲೆಕ್ಕವನ್ನು ಹಾಕಿದರು. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯಲ್ಲಿ ಅವರು ಅದನ್ನು ಮಂಡಿಸಿದ ಕೂಡಲೇ, ಆ ಕಾಲದ ಮಹಾನ್ ವಿಜ್ಞಾನಿ ಎಡಿಂಗ್ಟನ್ ಎದ್ದುನಿಂತು ಸಭೆಯೆದುರಿಗೇ ಅದನ್ನು ಅಲ್ಲಗಳೆದು ಪರಿಹಾಸ್ಯ ಮಾಡಿದರು. ಇಪ್ಪತ್ನಾಲ್ಕರ ತರುಣನಿಗೆ ಅದು ಸಾಮಾನ್ಯವಾದ ಪೆಟ್ಟಲ್ಲ. ಅವರಿಗೆ ನೋವಾಗಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅವರು ತಮ್ಮ ಲೆಕ್ಕವನ್ನು ಅಳಿಸಲಿಲ್ಲ, ಜಗಳವನ್ನೇ ಬಾಳಿನ ಕಾಯಕವನ್ನಾಗಿಯೂ ಮಾಡಿಕೊಳ್ಳಲಿಲ್ಲ. 1939ರಲ್ಲಿ ಆ ವಿಷಯವನ್ನು ಗ್ರಂಥರೂಪದಲ್ಲಿ ಬರೆದಿಟ್ಟು ಬೇರೊಂದು ಕ್ಷೇತ್ರಕ್ಕೆ ಕೈಹಾಕಿದರು. 1983ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ನನಗೆ ಪಾರಿತೋಷಕಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಹಿಂದಿನ ವರ್ಷದ ಸಂಗತಿ. 1982ರಲ್ಲಿ ಎಡಿಂಗ್ಟನ್ನರ ಜನ್ಮಶತಾಬ್ದಿಯ ಉಪನ್ಯಾಸಗಳನ್ನು ಕೇಂಬ್ರಿಜ್ಜಿನಲ್ಲಿ ನೀಡಿದವರು ಇದೇ ಚಂದ್ರಶೇಖರರು. ತಮ್ಮ ಕಾಲದ ಅತ್ಯಂತ ಶ್ರೇಷ್ಠ ಖಭೌತವಿಜ್ಞಾನಿಯೆಂದು ಅವರು ಎಡಿಂಗ್ಟನ್ನರನ್ನು ಗೌರವಿಸಿದರು. ಎಡಿಂಗ್ಟನ್ನರು ಎಡವಿದ ಸ್ಥಳವನ್ನೂ ಮುಚ್ಚಿಡಲಿಲ್ಲ. ತನ್ನನ್ನು ಅವಮಾನಿಸಿದವನ ಗುಣವನ್ನು ಗುಣವೆಂದು ಹೇಳಬಲ್ಲವನ ಅಡಿಪಾಯವು ಬಂಡೆಯ ಮೇಲಿರುತ್ತದೆ.

ಇಂಥ ಅಡಿಪಾಯವನ್ನು ಹಾಕಿಕೊಳ್ಳುವುದು ಹೇಗೆ? ಕೆಲವು ಸಾಧನಗಳು ನನಗೆ ತೋಚಿವೆ. ಮೊದಲನೆಯದು, ತನ್ನ ಸಿಟ್ಟನ್ನು ತಾನೇ ಪರೀಕ್ಷಿಸುವುದು. ಯಾವ ಮಾತು ನನ್ನನ್ನು ಅಳತೆಮೀರಿ ಕೆರಳಿಸಿತೋ ಅಲ್ಲಿಯೇ ನಾನು ಬಾಳನ್ನು ಪಣಕ್ಕಿಟ್ಟಿದ್ದೇನೆಂದು ತಿಳಿಯಬೇಕು. ಅದನ್ನು ಅರಿತುಕೊಂಡರೆ ಅರ್ಧ ಬಿಡುಗಡೆ ಆದಂತೆಯೇ. ಎರಡನೆಯದು, ಕೆಲಸವನ್ನು ಕೆಲಸಕ್ಕಾಗಿಯೇ ಮಾಡುವುದು. ಯಾರೂ ನೋಡದ, ಯಾರೂ ಹೊಗಳದ ಒಂದು ಕೆಲಸವನ್ನಾದರೂ ದಿನವೂ ಅಚ್ಚುಕಟ್ಟಾಗಿ ಮಾಡುವವನಿಗೆ ಒಳಗೊಬ್ಬ ಸಾಕ್ಷಿ ಹುಟ್ಟುತ್ತಾನೆ. ಮೂರನೆಯದು, ತನ್ನ ವಿಷಯದಲ್ಲಿ ತಾನು ದಯಾವಂತನಾಗಿರುವುದು. ಎಡವಿದ ನೆರೆಯವನಿಗೆ ‘ಏಳಪ್ಪಾ, ಇರಲಿ’ ಎನ್ನುವ ನಾವು, ನಾವೇ ಎಡವಿದಾಗ ಚಾಟಿ ಹಿಡಿಯುತ್ತೇವೆ. ಕ್ರಿಸ್ಟಿನ್ ನೆಫ್ ಎಂಬ ವಿದುಷಿಯು ಡಚ್ ಸಹಕಾರಿಯೊಬ್ಬರೊಡನೆ ನೆದರ್‌ಲ್ಯಾಂಡ್ಸಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ತಿಂಗಳುಗಟ್ಟಲೆ ಅಭ್ಯಸಿಸಿ 2009ರಲ್ಲಿ ಪ್ರಕಟಿಸಿದ ಪ್ರಕಾರ, ತನ್ನ ಬೆಲೆಯನ್ನು ಸ್ಥಿರವಾಗಿ ಭಾವಿಸುವುದಕ್ಕೆ ಎತ್ತರದ ಆತ್ಮಗೌರವಕ್ಕಿಂತ ಈ ಸ್ವದಯೆಯೇ ಹೆಚ್ಚು ಸಂಬಂಧಪಟ್ಟಿತ್ತು. ದಯೆಯೆಂದರೆ ತಪ್ಪಿಗೆ ಮಾಫಿಯಲ್ಲ. ತಪ್ಪನ್ನು ಕಣ್ಣು ತೆರೆದು ನೋಡಲು ಬೇಕಾದ ಧೈರ್ಯ. ನಾಲ್ಕನೆಯದೂ ಹಿರಿಯರಾದ ನಮಗೆಲ್ಲ ಸಂಬಂಧಪಟ್ಟುದೂ ಆದುದು, ಮಕ್ಕಳನ್ನು ಫಲಿತಾಂಶಕ್ಕಿಂತ ಮೊದಲೇ ಸ್ವೀಕರಿಸುವುದು. ‘ಎಷ್ಟು ಅಂಕ ಬಂದವು?’ ಎಂಬ ಪ್ರಶ್ನೆಗಿಂತ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಅದನ್ನು ನಾನು ಕಲಿತುದು ಹೇಗೆಂಬುದನ್ನು ಹೇಳಿ ಮುಗಿಸುತ್ತೇನೆ.

2010ರಲ್ಲಿ ಮಠದ ಜಾತ್ರೆಯ ದಿನ ಮಧ್ಯವಯಸ್ಸಿನ ವ್ಯಕ್ತಿಯೊಬ್ಬರು ಬಂದು ನನ್ನ ಕಾಲು ಮುಟ್ಟಿದರು. ಅವನೇ ಆ ಹುಡುಗ. ಪಂಪ್‌ಸೆಟ್ಟಿನ ಮೋಟಾರುಗಳನ್ನು ದುರಸ್ತಿ ಮಾಡುವ ಅಂಗಡಿಯಿಟ್ಟು, ಮನೆಮಕ್ಕಳೊಂದಿಗೆ ಚೆನ್ನಾಗಿ ಬದುಕಿದ್ದಾನೆ. ‘ಇಷ್ಟು ವರ್ಷ ಯಾಕ ಬರಲಿಲ್ಲಪಾ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಹೇಳಿದನು: ‘ಸರ್, ನಾಪಾಸಾಗಿದ್ದಕ್ಕ ನಾ ಅಂಜಿರಲಿಲ್ರಿ. ನಿಮ್ಮ ಮುಂದ ಬಂದು ನಿಲ್ಲಾಕ ಅಂಜಿದ್ದೆ.’ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮತ್ತೆ ಅವನೇ ಮುಂದುವರಿದನು. ಫಲಿತಾಂಶದ ದಿನ ಗೆಳೆಯನು ಟ್ರಂಕನ್ನು ತಂದುಕೊಟ್ಟಾಗ ಅದರ ಮೇಲೆ ಒಂದು ಗಂಟು ಇದ್ದಿತಂತೆ. ನಿಲಯದ ಅಡುಗೆಯ ಅಜ್ಜ ಕಟ್ಟಿಕೊಟ್ಟ ನಾಲ್ಕು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ. ‘ಆ ತಮ್ಮ ಉಂಡಾನೋ ಇಲ್ಲೋ, ಕೊಡು’ ಎಂದು ಅಜ್ಜ ಹೇಳಿ ಕಳಿಸಿದ್ದನಂತೆ. ಅಂದು ರಾತ್ರಿ ಕೆಟ್ಟ ವಿಚಾರಗಳು ಬಂದಿದ್ದವೆಂದೂ, ಆ ರೊಟ್ಟಿ ತಿಂದು ಅತ್ತು ಮಲಗಿದೆನೆಂದೂ ಅವನು ಹೇಳಿದನು.

ನಾನು ಐದು ವರ್ಷ ಹೊಗಳಿದ್ದೆ. ಅಜ್ಜ ಒಮ್ಮೆಯೂ ಹೊಗಳಿರಲಿಲ್ಲ. ಆತನಿಗೆ ಹುಡುಗನ ಅಂಕಗಳೆಷ್ಟೆಂಬುದೇ ತಿಳಿದಿರಲಿಲ್ಲ. ಪಾಸಾದವರಿಗೂ ನಾಪಾಸಾದವರಿಗೂ ಪಂಕ್ತಿಯಲ್ಲಿ ಒಂದೇ ರೊಟ್ಟಿ ಎಂಬುದಷ್ಟೇ ಆತನಿಗೆ ತಿಳಿದಿದ್ದ ಮನಶ್ಶಾಸ್ತ್ರ. ಕಷ್ಟದ ದಿನ ಆ ಹುಡುಗನನ್ನು ಎತ್ತಿ ಹಿಡಿದುದು ನನ್ನ ಹೊಗಳಿಕೆಯಲ್ಲ, ಆ ರೊಟ್ಟಿ. ಪ್ರಸಾದ ನಿಲಯಗಳಲ್ಲಿ ಉಂಡು ಬೆಳೆದ ನಮ್ಮಲ್ಲಿ ಎಷ್ಟೋ ಜನರ ಆತ್ಮಗೌರವಕ್ಕೆ ಅಂಥ ಒಂದು ಪಂಕ್ತಿಯೇ ಅಡಿಪಾಯವಾಗಿದೆ. ನಾವು ಅದನ್ನು ಮರೆತು ಮೇಲಿನ ಅಂತಸ್ತುಗಳನ್ನೇ ತೋರಿಸುತ್ತ ಬಂದಿದ್ದೇವೆ. ಆದುದರಿಂದ ವಾಚಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಈ ಸಲ ಫಲಿತಾಂಶದ ದಿನ ಮನೆಯ ಮಗು ಹೊಸ್ತಿಲ ಹತ್ತಿರ ಬಂದು ನಿಂತಾಗ, ಅದರ ಕೈಯಲ್ಲಿನ ಕಾಗದವನ್ನು ನೋಡುವ ಮೊದಲು ಅದರ ಮುಖವನ್ನು ನೋಡಿರಿ. ‘ಊಟ ಆತೇನು?’ ಎಂದು ಮೊದಲು ಕೇಳಿರಿ. ಉಳಿದುದನ್ನೆಲ್ಲ ಆಮೇಲೆ ಕೇಳಬಹುದು. ಹಾಗೆಯೇ ಯಾವುದಾದರೊಂದು ಸೋಲಿನ ಕಾರಣದಿಂದ ವರ್ಷಗಟ್ಟಲೆ ತಮ್ಮ ಹಳೆಯ ಮಠಕ್ಕೆ, ಹಳೆಯ ಗುರುಗಳ ಬಳಿಗೆ, ಹುಟ್ಟಿದ ಮನೆಗೆ ಮುಖ ತೋರಿಸದೆ ಇರುವವರು ಈ ಪತ್ರಿಕೆಯ ಓದುಗರಲ್ಲಿ ಯಾರಾದರೂ ಇದ್ದರೆ, ಅವರು ಒಮ್ಮೆ ಹೋಗಿ ಬರಲಿ. ಪಂಕ್ತಿಯಲ್ಲಿ ಅವರ ಸ್ಥಳವನ್ನು ಯಾರೂ ಅಂಕಗಳನ್ನು ನೋಡಿ ಕೊಟ್ಟಿರಲಿಲ್ಲ. ಆದುದರಿಂದ ಅದು ಇನ್ನೂ ಅವರದೇ ಆಗಿದೆ.